ಗಡ್ಡ ಬರಿಸುವುದೂ ಅದೇ, ತಲೆ ಬೋಳು ಮಾಡುವುದೂ ಅದೇ (ಇತಿಹಾಸ ಸರಣಿ, ಭಾಗ 6)

ಪುತ್ತೂರಿಂದ ಸುಳ್ಯಕ್ಕೆ ಹೋಗುವ ಸಂಜೆ ಬಸ್ಸಲ್ಲಿ ನಮ್ಮ ಕ್ಲಾಸಿನವ ಒಬ್ಬ ಬ್ಯಾಗಿಂದ ಸಣ್ಣ ಬಾಟ್ಲಿ ತೆಗೆದು ತೋರಿಸಿದ. ಗಡ್ಡದ ಎಣ್ಣೆ. ಎರಡು ಮದುವೆಗೆ ಕ್ಯಾಟರಿಂಗಿಗೆ ಹೋಗಿ ಬಡಿಸಿದ ದುಡ್ಡು ಅದಕ್ಕೇ ಹೋಗಿದೆ. 2018ರಲ್ಲಿ ‘ಕೆ.ಜಿ.ಎಫ್’ ಬಂದ ಮೇಲೆ ಗಡ್ಡ ಇಲ್ಲದ ಹುಡುಗನಿಗೆ ಮುಖವೇ ಇಲ್ಲ ಎಂಬ ಹಾಗೆ ಆಗಿದೆಯಲ್ಲ. ಇವನಿಗೆ ಇಪ್ಪತ್ತಾದರೂ ಗದ್ದದಲ್ಲಿ ಎಣಿಸಿ ಮುಗಿಸುವಷ್ಟೇ ಕೂದಲು. ಅವನ ಅಪ್ಪನಿಗೆ ಗಡ್ಡ ದಟ್ಟ, ತಲೆ ಪೂರ್ತಿ ಬೋಳು. "ಎಂತ ಮಾರಾಯ, ಬೇಕಾದಲ್ಲಿ ಬರುದಿಲ್ಲ, ಇರುವಲ್ಲಿ ಉದುರ್ತದೆ" ಅಂದ.

ತಮಾಷೆಗೆ ಹೇಳಿದ ಮಾತು. ಆದರೆ ಇದಕ್ಕೆ ಉತ್ತರ ಸಿಗಲು ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಹಿಡಿದಿದೆ.

ವೃಷಣ ತೆಗೆಸಿಕೊಂಡವರ ತಲೆ ಬೋಳಾಗುವುದಿಲ್ಲ ಎಂದು ಗ್ರೀಸಿನ ಹಿಪೋಕ್ರಟೀಸನ ಹೆಸರಲ್ಲಿರುವ ಬರಹಗಳಲ್ಲೇ ಉಂಟು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಅರ್ನಾಲ್ಡ್ ಬರ್ಥೋಲ್ಡ್ ಎಂಬವರು ಆರು ಹುಂಜಮರಿಗಳ ವೃಷಣ ತೆಗೆದರು. ಎರಡನ್ನು ಹಾಗೇ ಬಿಟ್ಟರು. ಅವುಗಳ ಜುಟ್ಟು ಬೆಳೆಯಲಿಲ್ಲ, ಹುಂಜದ ಕೂಗಿಲ್ಲ, ಜಗಳವೂ ಇಲ್ಲ. (ಕೋಳಿ ಅಂಕಕ್ಕೆ ತಕೊಂಡು ಹೋದರೆ ಮರ್ಯಾದೆ ಹೋಗುವ ಹುಂಜಗಳು.) ಉಳಿದ ನಾಲ್ಕರ ಹೊಟ್ಟೆಯೊಳಗೆ ಒಂದೊಂದು ವೃಷಣ ಇಟ್ಟರು. ಅವು ಸರಿಯಾದ ಹುಂಜಗಳಾಗಿಯೇ ಬೆಳೆದವು. ನರದ ಸಂಬಂಧ ಕಡಿದು ಹೋಗಿತ್ತು. ಹಾಗಾದರೆ ರಕ್ತದಲ್ಲಿ ಏನೋ ಹರಿದು ಜುಟ್ಟಿನವರೆಗೆ ಹೋಗ್ತಾ ಉಂಟು!

ಆ ‘ಏನೋ’ ಕೈಗೆ ಸಿಗಲು ಇನ್ನೂ 86 ವರ್ಷ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ಅವರ ತಂಡ ಹೋರಿಗಳ ವೃಷಣದಿಂದ ಅದನ್ನು ಬೇರ್ಪಡಿಸಿ ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟಿತು.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಕತೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಒಂದು ಅಧ್ಯಯನ ಪ್ರಕಟಿಸಿದರು. ವೃಷಣ ಇಲ್ಲದ ಅಥವಾ ಅದು ಕೆಲಸ ಮಾಡದ ಗಂಡಸರ ತಲೆ ಬೋಳಾಗಿರಲಿಲ್ಲ. ಟೆಸ್ಟೋಸ್ಟಿರೋನ್ ಕೊಟ್ಟಾಗ ಕೆಲವರ ಕೂದಲು ಉದುರಲು ಶುರುವಾಯಿತು, ಆದರೆ ಮನೆತನದಲ್ಲಿ ಬೋಳು ಇದ್ದವರದ್ದು ಮಾತ್ರ. ಅಂದರೆ ಹಾರ್ಮೋನು ಬೇಕು, ಆದರೆ ಅದೊಂದೇ ಸಾಲದು. ಪ್ರತಿಯೊಂದು ಜಾಗದ ಕೂದಲ ಬೇರು ಅದಕ್ಕೆ ಹೇಗೆ ಉತ್ತರಿಸಬೇಕು ಎನ್ನುವುದು ಹುಟ್ಟಿನಿಂದಲೇ ಬರೆದಿರ್ತದೆ. ನಮ್ಮ ಬಿಕಾಂ ಭಾಷೆಯಲ್ಲಿ ಹೇಳುವುದಾದರೆ ಎಂಟ್ರಿ ಒಂದೇ, ಗಡ್ಡದ ಖಾತೆಯಲ್ಲಿ ಲಾಭ, ತಲೆಯ ಖಾತೆಯಲ್ಲಿ ನಷ್ಟ.

1974ರಲ್ಲಿ ಇನ್ನೊಂದು ಗಂಟು ಬಿಚ್ಚಿತು. ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬಲ್ಲಿ ಹುಟ್ಟುವಾಗ ಹೆಣ್ಣಿನಂತೆ ಕಂಡು, ಹರೆಯದಲ್ಲಿ ಗಂಡಾಗಿ ಬದಲಾಗುವ ಮಕ್ಕಳಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಪರೀಕ್ಷಿಸಿದಾಗ ಇವರಲ್ಲಿ ಟೆಸ್ಟೋಸ್ಟಿರೋನ್ ಸರಿಯಾಗಿಯೇ ಇತ್ತು. ಅದನ್ನು ಇನ್ನೂ ಬಲವಾದ ಡಿಎಚ್‌ಟಿ ಆಗಿ ಬದಲಿಸುವ ಕಿಣ್ವದಲ್ಲಿ ಕೊರತೆ. ದೊಡ್ಡವರಾದ ಮೇಲೂ ಅವರಿಗೆ ಗಡ್ಡ ತೀರಾ ಕಮ್ಮಿ, ತಲೆಯೂ ಬೋಳಾಗುವುದಿಲ್ಲ! ಕಂಕುಳ ಕೂದಲು ಮಾತ್ರ ಬರ್ತದೆ. ಅದಕ್ಕೆ ಸ್ವಲ್ಪ ಹಾರ್ಮೋನು ಸಾಕು, ಹಾಗಾಗಿ ಹೆಣ್ಣುಮಕ್ಕಳಿಗೂ ಬರುವುದು. ಹುಬ್ಬು, ರೆಪ್ಪೆಗಳಿಗೆ ಇದರ ಗೊಡವೆಯೇ ಇಲ್ಲ.

ಹೆಣ್ಣುಮಕ್ಕಳ ದೇಹದಲ್ಲೂ ಈ ಹಾರ್ಮೋನು ಸ್ವಲ್ಪ ಇರ್ತದೆ. ಲಾಕರ್ ಹೆಸರಿಟ್ಟ ಅದೇ 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಏಳು ಮಹಿಳೆಯರ ಬಗ್ಗೆ ಬರೆದದ್ದೇ ನಾವು ಇವತ್ತು ಪಿ.ಸಿ.ಓ.ಎಸ್ ಅನ್ನುವ ತೊಂದರೆಯ ಮೊದಲ ಪ್ರಸಿದ್ಧ ವರದಿ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ಮಹಿಳೆಯರ ದೇಹದ 11 ಜಾಗಗಳ ರೋಮಕ್ಕೆ ಅಂಕ ಕೊಟ್ಟು ನೋಡಿದರು. ಮೇಲ್ದುಟಿ, ಗದ್ದ, ಎದೆ ಎಲ್ಲ ಹಾರ್ಮೋನಿನ ಮಾತು ಕೇಳುವ ಜಾಗಗಳು. ಮುಂಗೈ ಮತ್ತು ಮೊಣಕಾಲ ಕೆಳಗಿನ ರೋಮಕ್ಕೆ ಹಾರ್ಮೋನಿನ ಸಂಬಂಧ ಕಮ್ಮಿ ಎಂದು ಅವನ್ನು ಲೆಕ್ಕದಿಂದ ಬಿಟ್ಟರು. ಹೈಸ್ಕೂಲಲ್ಲಿ ಒಬ್ಬಳ ಮೇಲ್ದುಟಿ ನೋಡಿ ನಾವು ನಗಾಡಿದ್ದುಂಟು. ನಾನೂ ಇದ್ದೆ. ಅವಳು ಆಮೇಲೆ ಮಾತಾಡುವಾಗೆಲ್ಲ ಕರ್ಚೀಫ್ ಅಡ್ಡ ಹಿಡಿಯುತ್ತಿದ್ದಳು.

ಇನ್ನು ‘ಬೋಳಿಸಿದರೆ ದಪ್ಪ ಬರ್ತದೆ’ ಎನ್ನುವ ಮಾತು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅಳೆದು ನೋಡಿ ಹಾಗೇನಿಲ್ಲ ಎಂದಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದಕ್ಕೆ ಒರಟು ಅನಿಸುವುದು, ಅಷ್ಟೇ. ಅದು ನಿಜವಾಗಿದ್ದರೆ ಮೇಳ ಹೊರಟಲ್ಲಿಂದ ಪತ್ತನಾಜೆವರೆಗೆ ಚೌಕಿಯಲ್ಲಿ ಗಡ್ಡ ನುಣ್ಣಗೆ ಹೆರೆದುಕೊಳ್ಳುವ ಸ್ತ್ರೀವೇಷದವರ ಗತಿ ಏನಾಗ್ತಿತ್ತು!

ಬಸ್ಸಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಗಡ್ಡ ಇಪ್ಪತ್ತಕ್ಕೆ ನಿಲ್ಲುವುದಿಲ್ಲ, ಮೂವತ್ತರವರೆಗೂ ದಟ್ಟವಾಗುತ್ತಾ ಹೋಗಬಹುದು, ಎಣ್ಣೆಗೂ ಡಿಎಚ್‌ಟಿಗೂ ಸಂಬಂಧ ಇಲ್ಲ ಅಂತ. ಅವ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ.

"ಹಾಗಾದ್ರೆ ಅಪ್ಪನ ಹಾಗೆ ಗಡ್ಡ ಬಂದ್ರೆ, ತಲೆಯೂ ಅಪ್ಪನ ಹಾಗೇ ಆಗ್ತದಾ?"

ಆಗಲೂಬಹುದು ಅಂದೆ. ಬಾಟ್ಲಿಯನ್ನು ಬ್ಯಾಗಿಗೆ ಹಾಕಿದ. ಬಿಸಾಡಲಿಲ್ಲ.

(ಭಾಗ 7 ಮುಂದಿನ ಶನಿವಾರ.)