ಕಿಳ್ಳೇಕ್ಯಾತನ ಮಾತು, ಟಾಮ್ ಬೆಕ್ಕಿನ ತಾಳ

ಕೋಟು ತೊಟ್ಟ ಟಾಮ್ ಬೆಕ್ಕು ಪಿಯಾನೊ ಮುಂದೆ ಕೂತು ಕಛೇರಿ ಶುರುಮಾಡುತ್ತದೆ. ಪಿಯಾನೊದೊಳಗೆ ಮಲಗಿದ್ದ ಜೆರ್ರಿಗೆ ನಿದ್ದೆ ಕೆಟ್ಟು ಸಿಟ್ಟು ಬರುತ್ತದೆ. ಆಮೇಲೆಲ್ಲ ಜಗಳವೇ, ಆದರೂ ನುಡಿಸಾಣಿಕೆ ನಿಲ್ಲುವುದಿಲ್ಲ. 1947ರ ಈ ‘ದಿ ಕ್ಯಾಟ್ ಕನ್ಚರ್ಟೊ’ ಚಿತ್ರಕ್ಕೆ ಆಸ್ಕರ್ ಬಂತು. ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ಇದನ್ನು ತೋರಿಸಿದರೆ ಯಾರಿಗೂ ವಿವರಣೆ ಬೇಕಾಗದು. ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಅಂಥ ಸಂಗೀತಗಾರರನ್ನು ಕೊಟ್ಟ, ತಂಬೂರಿ ಆಕಾರದ ಮಂದಿರವನ್ನೇ ಕಟ್ಟಿಕೊಂಡ ಊರದು. ಸ್ಕಾಟ್ ಬ್ರಾಡ್ಲಿ ಸಂಗೀತ ಕೂಡಿಸಿದ ಟಾಮ್ ಅಂಡ್ ಜೆರ್ರಿ ಚಿತ್ರಗಳಲ್ಲಿ ಬೆಕ್ಕು ಮೆಟ್ಟಿಲಿಳಿದರೆ ಸ್ವರವೂ ಇಳಿಯುತ್ತದೆ. ತಲೆಗೆ ಬಾಣಲೆ ಬಿದ್ದರೆ ಸಮದ ಮೇಲೇ ಬೀಳುತ್ತದೆ. ಅರ್ಧ ಅಕ್ಷರಕಾಲ ಹಿಂದುಮುಂದಾದರೆ ಏಟು ಬರೀ ಏಟಾಗುತ್ತದೆ, ನಗು ಹುಟ್ಟುವುದಿಲ್ಲ.

ಹಳೆಯ ಕಾರ್ಟೂನೆಂದರೆ ಒದೆತ ಗುದ್ದಾಟ, ಹೊಸದೆಂದರೆ ವಟವಟ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ನಿಜ. ಆದರೆ ಆ ಬದಲಾವಣೆಗೆ ಕಾರಣ ಅಭಿರುಚಿಗಿಂತ ಹೆಚ್ಚಾಗಿ ದುಡ್ಡು. 1940ರಲ್ಲಿ ಹನ್ನಾ ಮತ್ತು ಬಾರ್ಬೆರಾ ಬೆಕ್ಕು–ಇಲಿಯ ಜೋಡಿಯನ್ನು ಶುರುಮಾಡಿದ್ದು ಚಿತ್ರಮಂದಿರಕ್ಕಾಗಿ. ಸೆಕೆಂಡಿಗೆ 24 ಚೌಕಟ್ಟು ಓಡುವ ಫಿಲ್ಮಿನಲ್ಲಿ ಏಳು ನಿಮಿಷದ ಚಿತ್ರವೆಂದರೆ ಹತ್ತು ಸಾವಿರ ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ದುಡಿಸಿದರೂ ಐದು ಸಾವಿರ ಸಲ ಕೈಯಲ್ಲೇ ಬರೆಯಬೇಕು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗದ ಬಾಗಿಲು ಹಾಕಿತು. ಇಬ್ಬರೂ ಟಿವಿಗೆ ಹೋದರು. ಅಲ್ಲಿ ಸಿಗುತ್ತಿದ್ದದ್ದು ಹಿಂದಿನ ಖರ್ಚಿನ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಮೈ ಅಲ್ಲಾಡಿಸಲು ಕಾಸಿಲ್ಲ ಎಂದಮೇಲೆ ಬಾಯಿ ಅಲ್ಲಾಡಿಸಿದರು. 1960ರ ‘ದಿ ಫ್ಲಿಂಟ್‌ಸ್ಟೋನ್ಸ್’ ನಿಂತದ್ದು ಗಂಡಹೆಂಡಿರ, ನೆರೆಹೊರೆಯವರ ಮಾತಿನ ಮೇಲೆ. 1989ರಲ್ಲಿ ತನ್ನದೇ ಸರಣಿಯಾಗಿ ಬಂದ ‘ದಿ ಸಿಂಪ್ಸನ್ಸ್’ ಅದೇ ದಾರಿಯಲ್ಲಿ ಬಹಳ ದೂರ ನಡೆಯಿತು.

ಇಲ್ಲಿ ನಮ್ಮ ಸೀಮೆಯ ಕಡೆ ತಿರುಗಬೇಕು. ಪರದೆಯ ಮೇಲೆ ಚಿತ್ರ ಕುಣಿಸಿ ನಗಿಸುವ ಕೆಲಸ ನಮ್ಮಲ್ಲಿ ಸಿನಿಮಾಕ್ಕಿಂತ ಹಳೆಯದು. ತೊಗಲುಗೊಂಬೆಯಾಟವನ್ನು ಕಾರ್ಟೂನಿನ ಪಕ್ಕ ಇಡುವುದು ಅತಿಯಾಯಿತೆನ್ನುವವರು ಲೊಟ್ಟೆ ರೈನಿಗರ್ ಎಂಬ ಜರ್ಮನ್ ಹೆಣ್ಣುಮಗಳನ್ನು ನೆನೆಯಲಿ. ಡಿಸ್ನಿಯ ಮಿಕ್ಕಿ ಇಲಿ ಹುಟ್ಟುವ ಮೊದಲೇ, 1926ರಲ್ಲಿ, ಆಕೆ ಕತ್ತರಿಸಿದ ನೆರಳುಬೊಂಬೆಗಳಿಂದಲೇ ಪೂರ್ಣಪ್ರಮಾಣದ ಸಿನಿಮಾ ಮಾಡಿದ್ದಳು. ನಮ್ಮ ಗೊಂಬೆರಾಮರು ಬಿಳಿ ಬಟ್ಟೆಯ ಹಿಂದೆ ದೀಪ ಹಚ್ಚಿ, ಹದ ಮಾಡಿದ ತೊಗಲಿನ ಬಣ್ಣದ ಗೊಂಬೆಗಳಲ್ಲಿ ರಾಮಾಯಣ, ಭಾರತ ಆಡಿಸುತ್ತಿದ್ದರು. ಮಳೆ ಬರಲಿ ಎಂದು ಊರವರೇ ಆಟ ಕಟ್ಟಿಸುವುದೂ ಇತ್ತು. ಹಾಸನದ ಗುಂಡುರಾಜು ಈ ಆಟವನ್ನು ಜಿಲ್ಲೆಯಾಚೆಗೂ ಒಯ್ದವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಆ ಪರದೆಯ ಮೇಲೆ ರಾಮನಷ್ಟೇ ಹಕ್ಕಿನಿಂದ ಬರುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿಯ ಗಂಡ. ಬಾಯಲ್ಲಿ ಅವನನ್ನು ಮೀರಿಸುವ ಹೆಂಡತಿ. ಕಥೆಯ ಸಂದುಗಳಲ್ಲಿ ನುಗ್ಗಿ ಜಗಳಾಡುತ್ತಾರೆ, ಹೊಡೆದಾಡುತ್ತಾರೆ, ಮಡಿವಂತರು ಕಿವಿ ಮುಚ್ಚಿಕೊಳ್ಳುವಂಥದ್ದನ್ನು ಆಡುತ್ತಾರೆ. ಟಾಮ್‌ನ ಮೈಯಾಟವೂ ಇದೆ, ಫ್ಲಿಂಟ್‌ಸ್ಟೋನ್ ದಂಪತಿಯ ಮಾತೂ ಇದೆ, ಮದ್ದಳೆಯ ಲೆಕ್ಕವೂ ಇದೆ. ಎಲ್ಲಕ್ಕಿಂತ ದೊಡ್ಡದು, ಮಾತು ಅವತ್ತಿನ ಊರಿನದು. ಊರು ಬದಲಾದರೆ ಹಾಸ್ಯವೂ ಬದಲು. ಮುಂದೆ ಕೂತವರಲ್ಲಿ ಮಕ್ಕಳು, ಮುದುಕರು, ಗೌಡರು, ಆಳುಗಳು ಎಲ್ಲರೂ ಇರುತ್ತಿದ್ದರು. ಚಿತ್ರಮಂದಿರದ ಹಳೆಯ ಕಾರ್ಟೂನಿಗೂ ಹೀಗೆ ಎಲ್ಲ ವಯಸ್ಸಿನವರೂ ನೋಡುಗರೇ. ಕಾರ್ಟೂನು ಮಕ್ಕಳಿಗೆ ಮಾತ್ರ ಎಂಬ ಬೇಲಿ ಹಾಕಿದ್ದು ಟಿವಿ.

ಆ ಟಿವಿ ನಮ್ಮ ಮಕ್ಕಳಿಗೆ ಕಾರ್ಟೂನನ್ನು ತಂದದ್ದು ಪರಭಾಷೆಯಲ್ಲಿ. 1993ರಲ್ಲಿ ದೂರದರ್ಶನದ ಮೋಗ್ಲಿ ಹಿಂದಿಯಲ್ಲಿ ಬಂದ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಇಂಗ್ಲಿಷಿನೊಡನೆ ಬಂತು. ಅರಕಲಗೂಡಿನ ಹುಡುಗನಿಗೆ ಆಗ ಪೂರ್ತಿ ಅರ್ಥವಾಗುತ್ತಿದ್ದದ್ದು ಬಾಯಿಬಿಡದ ಟಾಮ್ ಮತ್ತು ಜೆರ್ರಿ ಮಾತ್ರ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ಕಟ್ಟು ಸಿನಿಮಾ, ಟಿವಿ ಎರಡರ ಮೇಲೂ ದಶಕಗಳ ಕಾಲ ಬಿಗಿಯಾಗಿತ್ತು. 1960ರ ದಶಕದಲ್ಲಿ ಅದರ ಮುಂಚೂಣಿಯಲ್ಲಿದ್ದವರಲ್ಲಿ ಹೆಸರಿನಲ್ಲೇ ಅರಕಲಗೂಡನ್ನು ಹೊತ್ತ ಅ.ನ.ಕೃ. ಒಬ್ಬರು. ಆಗಿನ ಕನ್ನಡ ಚಿತ್ರರಂಗ ಉಳಿಯಲು ಅದು ಬೇಕಿತ್ತೆಂದೇ ನಾನು ತಿಳಿದಿದ್ದೇನೆ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಮಕ್ಕಳು. 2009ರಲ್ಲಿ ಚಿಂಟು ಟಿವಿ ಬಂದಮೇಲೆ ಕಾರ್ಟೂನುಗಳು ದಿನವಿಡೀ ಕನ್ನಡ ಮಾತಾಡತೊಡಗಿದವು. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ.

ಕನ್ನಡವೇನೋ ಬಂತು, ಆದರೆ ಯಾವ ಕನ್ನಡ? ಯಾವ ಜಿಲ್ಲೆಗೂ ಸೇರದ, ಇಸ್ತ್ರಿ ಮಾಡಿದ ಕನ್ನಡ. 2008ರ ಛೋಟಾ ಭೀಮ್‌ಗೆ ಲಡ್ಡು, 2012ರ ಮೋಟು ಪತ್ಲುವಿಗೆ ಸಮೋಸ. ಅದೇ ಹಾಸ್ಯ ನೂರಾರು ಕಂತುಗಳಲ್ಲಿ ಮರಳಿ ಮರಳಿ ಬರುತ್ತದೆ. ಪುನರಾವರ್ತನೆ ದೋಷವಲ್ಲ, ಕಿಳ್ಳೇಕ್ಯಾತನೂ ಹಾಗೇ ಇದ್ದ. ಆದರೆ ಅವನ ಮಾತಿನಲ್ಲಿ ಆ ದಿನದ ಊರಿನ ಸುದ್ದಿ ಸೇರಿಕೊಳ್ಳುತ್ತಿತ್ತು.

ಕಾರ್ಟೂನಿಗೆ ಊರಿನ ಮಾತು ಕೊಡುವುದು ಆಗದ ಕೆಲಸವೇನಲ್ಲ. ಫ್ರಾನ್ಸಿನ ‘ಆಗಿ ಅಂಡ್ ದಿ ಕಾಕ್ರೋಚಸ್’ ಮಾತೇ ಇಲ್ಲದ ಸರಣಿ. ಹಿಂದಿಯವರು ಅದಕ್ಕೆ ಮಾತು ಬರೆದು, ಬೆಕ್ಕಿಗೆ ಶಾರುಖ್ ಖಾನ್ ದನಿಯ ಅಣಕು ಹಚ್ಚಿ ಗೆದ್ದರು. ನೆರಳಿಗೆ ಊರಿನ ದನಿ ಕೊಡುವ ಗೊಂಬೆಯಾಟದ ಉಪಾಯವೇ ಅದು. ನಾವೋ, ‘ಗೋವಿನ ಹಾಡಿ’ನ ಕಥೆಯನ್ನು ಬೆಂಗಳೂರಿನಲ್ಲೇ ಅನಿಮೇಷನ್ ಚಿತ್ರವಾಗಿ ಪಡೆದೆವು, 2020ರಲ್ಲಿ ತೆರೆ ಕಂಡ ಆ ‘ಪುಣ್ಯಕೋಟಿ’ ಮಾತಾಡಿದ್ದು ಸಂಸ್ಕೃತದಲ್ಲಿ.

ಹಳೆಯದೆಲ್ಲ ಚಿನ್ನವೆಂದೂ ಅಲ್ಲ. ಟಾಮ್‌ನ ಮನೆಯ ಕಪ್ಪು ಕೆಲಸದಾಕೆಯ ಚಿತ್ರಣ ಇವತ್ತು ನೋಡಲು ಮುಜುಗರ. ಬಂಗಾರಕ್ಕನ ಮೇಲೆ ಬೀಳುವ ಏಟುಗಳೂ ಹಾಗೇ. ಪೋಲಿತನದ ದೂರು ಹೊಸದರ ಮೇಲೂ ಇದೆ: 2008ರಲ್ಲಿ ಶಿನ್ ಚಾನ್ ಪ್ರಸಾರವನ್ನು ಸರ್ಕಾರ ನಿಲ್ಲಿಸಿತು, ಮರುವರ್ಷ ಕತ್ತರಿ ಹಾಕಿಸಿಕೊಂಡು ಮರಳಿತು. ಕಿಳ್ಳೇಕ್ಯಾತನ ಒಂದು ರಾತ್ರಿಯ ಆಟ ಕೇಳಿದ್ದರೆ ಆ ಅಧಿಕಾರಿಗಳು ಶಿನ್ ಚಾನ್‌ನನ್ನು ಸಂತನೆನ್ನುತ್ತಿದ್ದರು.

ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೈಚಳಕಕ್ಕೆ ಬರವಿಲ್ಲ, ಬರ ಇರುವುದು ಸಂಭಾಷಣೆಗೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಬೆಳಗಿನತನಕ ಗೊಂಬೆಯಾಟ ನೋಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಕಿಳ್ಳೇಕ್ಯಾತ, ಬಂಗಾರಕ್ಕ ಏನೇನು ಮಾತಾಡುತ್ತಿದ್ದರೆಂದು ಕೇಳಿ ಮೊಬೈಲಿನಲ್ಲಿ ಹಿಡಿದಿಡಿ. ಬೈಗುಳ ಬಂದರೆ ಬೈಗುಳ ಸಮೇತ.