ಬೇರಿನ ಗಂಟು

ಗಂಟು ಎಂದರೆ ನಮ್ಮ ಹೆಂಗಸರಿಗೆ ಕೂಡಲೇ ನೆನಪಾಗುವುದು ಸೆರಗಿನ ತುದಿಯ ಗಂಟು. ಒಳಗೆ ಎಷ್ಟಿದೆ ಎಂಬುದು ಕಟ್ಟಿಕೊಂಡವಳಿಗೆ ಮಾತ್ರ ಗೊತ್ತು. ಅವರೆ, ಹೆಸರು, ಶೇಂಗಾ, ಸೋಯಾ ಗಿಡಗಳೂ ಹೀಗೆ ಬೇರಿನಲ್ಲಿ ಗಂಟು ಕಟ್ಟಿಕೊಂಡಿರುತ್ತವೆ. ಎಳೆಯ ಸೋಯಾ ಗಿಡವೊಂದನ್ನು ಮೆಲ್ಲನೆ ಕಿತ್ತು, ಮಣ್ಣು ಕೊಡವಿ, ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಗಂಟು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ ಬಳಗದ್ದೇ ಎಂದು 1939ರಲ್ಲಿ ಜಪಾನಿನ ಕುಬೋ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಗಿಡದಲ್ಲಿಯೂ ರಕ್ತದ ನೆಂಟಸ್ತಿಕೆ ಇದೆಯೆಂದು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಸಾಗಲಿಲ್ಲ.

ಈ ಗಂಟುಗಳನ್ನು ಬೇರಿನ ರೋಗವೆಂದು ತಿಳಿದವರೂ ಒಂದು ಕಾಲದಲ್ಲಿ ಇದ್ದರು. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಎಂಬುವರು ತಮ್ಮ ಪ್ರಯೋಗದ ವಿವರ ಮುಂದಿಟ್ಟರು. ಸಾರಜನಕವಿಲ್ಲದ ಮರಳಿನಲ್ಲಿ ಬಟಾಣಿ ಬಿತ್ತಿದರೆ ಗಿಡ ಸೊರಗುತ್ತಿತ್ತು. ಹೊಲದ ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರೆ ಬೇರಿಗೆ ಗಂಟು ಬಂದು ಗಿಡ ಚೇತರಿಸಿಕೊಳ್ಳುತ್ತಿತ್ತು. ಓಟ್ಸ್ ಪೈರಿಗೆ ಮಾತ್ರ ಆ ನೀರಿನಿಂದ ಏನೂ ಆಗುತ್ತಿರಲಿಲ್ಲ. ಎರಡೇ ವರ್ಷಗಳಲ್ಲಿ, 1888ರಲ್ಲಿ, ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದು. ಈ ಸಣ್ಣ ಜೀವಿ ಅದನ್ನು ಅಟ್ಟು ಬಡಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಕೊಡು-ಕೊಳ್ಳುವಿಕೆಯ ಸಂಸಾರ.

ಈ ಸಂಸಾರದ ನಡುವೆ ಕಳೆನಾಶಕ ಬಂತು. ಅಮೆರಿಕದ ಮಾನ್ಸಾಂಟೊ ಕಂಪನಿಯ ಜಾನ್ ಫ್ರಾಂಜ್ 1970ರಲ್ಲಿ ಗ್ಲೈಫೋಸೇಟ್‌ನ ಗುಣವನ್ನು ಕಂಡುಕೊಂಡರು. 1974ರಲ್ಲಿ ಅದು ರೌಂಡಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಿಡಗಳು ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಮನುಷ್ಯರಲ್ಲಿ ಆ ಕಿಣ್ವ ಇಲ್ಲ. ಆದರೆ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಇದೆ, ಸೋಯಾ ಬೇರಿನ ಒಕ್ಕಲಿನಲ್ಲಿಯೂ ಇದೆ.

1996ರಲ್ಲಿ ಅಮೆರಿಕದ ರೈತರಿಗೆ ಹೊಸ ಸೋಯಾ ಬೀಜ ಸಿಕ್ಕಿತು. ಬೆಳೆಯ ಮೇಲೆಯೇ ಔಷಧಿ ಹೊಡೆದರೂ ಕಳೆ ಸಾಯುತ್ತದೆ, ಸೋಯಾ ಉಳಿಯುತ್ತದೆ. ಈ ತಡೆಯುವ ಶಕ್ತಿಯ ಜೀನನ್ನು ತೆಗೆದದ್ದು ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಅದು ನಮ್ಮ ಬೇರುಗಂಟಿನ ಬ್ಯಾಕ್ಟೀರಿಯಾಕ್ಕೆ ದೂರದ ನೆಂಟ! ನೆಂಟನಿಂದ ಕವಚ ಪಡೆದು ಗಿಡಕ್ಕೆ ತೊಡಿಸಿದರು. ಗಂಟಿನೊಳಗೆ ದುಡಿಯುವವನಿಗೆ ಆ ಕವಚ ದೊರೆಯಲಿಲ್ಲ. ಎಲೆಯ ಮೇಲೆ ಬಿದ್ದ ಔಷಧಿ ಗಿಡದೊಳಗೆ ಇಳಿದು ಬೇರಿಗೂ ಗಂಟಿಗೂ ತಲುಪುತ್ತದೆ.

ಹಾಗಾದರೆ ಬೆಳೆ ಹಾಳಾಯಿತೇ? ಇಲ್ಲ, ಉತ್ತರ ಅಷ್ಟು ಸರಳವಲ್ಲ. ಆರ್ಕಾನ್ಸಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯದರಲ್ಲಿಯೇ ಔಷಧಿ ಬಿದ್ದ ಗಿಡಗಳಲ್ಲಿ ಸಾರಜನಕ ಹಿಡಿಯುವ ಕೆಲಸ ತಡವಾಗಿತ್ತು, ಬೆಳವಣಿಗೆ ಕುಂದಿತ್ತು. ಆದರೆ ಮೊಳೆತ 40 ದಿನಗಳ ಹೊತ್ತಿಗೆ ಅವು ಚೇತರಿಸಿಕೊಂಡಿದ್ದವು. ಮಣ್ಣಿನಲ್ಲಿ ತೇವ ಕಡಿಮೆಯಾದಾಗ ಮಾತ್ರ ಪೆಟ್ಟು ಹೆಚ್ಚಾಗಿ ಕಂಡಿತು. ಮಳೆ ಚೆನ್ನಾಗಿದ್ದ ಹೊಲಗಳಲ್ಲಿ ಇಳುವರಿ ಬಹುಮಟ್ಟಿಗೆ ಕುಗ್ಗಲಿಲ್ಲ. ಅಮೆರಿಕದ ಸೋಯಾದಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ ಇಂಥ ಬೀಜದ್ದೇ ಆಯಿತು ಎಂದರೆ ರೈತನ ಲೆಕ್ಕದಲ್ಲಿ ಲಾಭವೇ ಮೇಲಾಗಿತ್ತು ಎಂದಾಯಿತು.

ಆ ಸೋಯಾ ನಮ್ಮ ಹೊಲಗಳಿಗೆ ಬಂದಿಲ್ಲ. ಭಾರತದಲ್ಲಿ ಅದನ್ನು ಬೆಳೆಯಲು ಒಪ್ಪಿಗೆ ಇಲ್ಲ. ಆದರೆ ಬೆಳಗಾವಿ, ಧಾರವಾಡ, ಬೀದರ ಜಿಲ್ಲೆಗಳಲ್ಲಿ ಸೋಯಾ ಇದೆ, ಬೇರೆ ಬಗೆಯ ಕಳೆನಾಶಕಗಳೂ ಇವೆ. ಬಿತ್ತುವ ಮುಂಚೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸುವ ಪದ್ಧತಿಯೂ ಇದೆ. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಸ ತೆಗೆಯುವವರು ಹೆಚ್ಚಾಗಿ ಹೆಂಗಸರೇ. ಸೊಂಟ ನೋವಿನ ಆ ದುಡಿಮೆಯನ್ನು ದೂರದಿಂದ ಹೊಗಳುವುದು ನನಗೆ ಸೇರದು. ಔಷಧಿ ಅವರ ಸೊಂಟಕ್ಕೆ ಬಿಡುವು ಕೊಡುತ್ತದೆ, ಅದರ ಜೊತೆಗೆ ಆ ದಿನದ ಕೂಲಿಯನ್ನೂ ಕಸಿಯುತ್ತದೆ. ಈ ಎರಡನ್ನೂ ಒಟ್ಟಿಗೆ ಹೇಳದವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟೇ. ಒಂದು ಔಷಧಿ ಗಿಡವನ್ನು ಕೊಲ್ಲಲಿಲ್ಲ ಎಂದಮಾತ್ರಕ್ಕೆ ಗಿಡವನ್ನು ಸಾಕುವ ಜೀವಿಗೂ ಅದು ನಿರಪಾಯವೆಂದು ಹೇಳಲಾಗದು. ಒಂದೊಂದನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಆ ಪರೀಕ್ಷೆ ಒಳ್ಳೆ ಮಳೆಯ ವರ್ಷದಲ್ಲಿ ನಡೆದರೆ ಸಾಲದು. ಮಳೆ ಕೈಕೊಟ್ಟ ವರ್ಷದಲ್ಲಿಯೂ ನಡೆಯಬೇಕು. ನಮ್ಮ ಬಯಲುಸೀಮೆಯ ರೈತರಿಗೆ ಅಂಥ ವರ್ಷಗಳೇನೂ ಅಪರೂಪವಲ್ಲ.