ಮಗುವಿನ ಮಾತು ಯಾವ ದಾಖಲೆಯಲ್ಲಿದೆ?

ಬೆಳಗಾವಿಯ ಖಾಸಬಾಗ ನೇಕಾರರ ಬಡಾವಣೆ. ಪಕ್ಕದ ವಡಗಾವಿ, ಶಹಾಪುರಗಳಂತೆ ಇಲ್ಲಿಯ ಓಣಿಗಳಲ್ಲೂ ಮೊದಲು ಕಿವಿಗೆ ಬೀಳುವುದು ವಿದ್ಯುತ್ ಮಗ್ಗದ ಸದ್ದು. ಎಷ್ಟೋ ಮನೆಗಳಲ್ಲಿ ಒಂದು ಕಡೆ ಮಗ್ಗ, ಇನ್ನೊಂದು ಕಡೆ ಸಂಸಾರ. ಅಂಥ ಮನೆಯ ಕೂಸಿಗೆ ಅಕ್ಷರಕ್ಕಿಂತ ಮೊದಲು ಪರಿಚಯವಾಗುವುದು ಈ ಸದ್ದೇ. ಅಂಗನವಾಡಿಯಿಂದ ಮರಳಿದ ಮಗುವನ್ನು ಈ ಊರಿನ ಒಂದು ಮನೆಯಲ್ಲಿ ‘ಇವತ್ತ ಏನ ಕಲ್ತಿ?’ ಎಂದು ಕೇಳುತ್ತಾರೆ. ಇನ್ನೊಂದು ಮನೆಯಲ್ಲಿ ಅದನ್ನೇ ಮರಾಠಿಯಲ್ಲಿ, ಮತ್ತೊಂದರಲ್ಲಿ ಉರ್ದುವಿನಲ್ಲಿ ಕೇಳುತ್ತಾರೆ. ಭಾಷೆ ಮೂರು, ಪ್ರಶ್ನೆ ಒಂದೇ. ‘ಅಲ್ಲಿ ನಿನಗೆ ಯಾವ ಜಾಗ ಇಷ್ಟ? ಯಾವುದಕ್ಕೆ ಹೆದರಿಕೆ?’ ಎಂದು ಕೇಳುವವರು ಅಪರೂಪ.

ಹೀಗೆ ಕೇಳದೆ ಇರುವುದು ಇಂದು ನಿನ್ನೆಯದಲ್ಲ. ಅದಕ್ಕೊಂದು ಚರಿತ್ರೆಯೇ ಇದೆ.

1818ರ ಏಪ್ರಿಲ್‌ನಲ್ಲಿ ಪೇಶ್ವೆಯ ಕಡೆಯವರ ಕೈಯಿಂದ ಬೆಳಗಾವಿ ಕೋಟೆಯನ್ನು ವಶಪಡಿಸಿಕೊಂಡವನು ಥಾಮಸ್ ಮನ್ರೋ. ಎರಡು ವರ್ಷಗಳ ಬಳಿಕ ಆತ ಮದ್ರಾಸಿನ ಗವರ್ನರ್ ಆದ. 1822ರ ಜೂನ್‌ನಲ್ಲಿ ತನ್ನ ಪ್ರಾಂತದ ಶಾಲೆಗಳ ಲೆಕ್ಕ ಕಳುಹಿಸುವಂತೆ ಕಲೆಕ್ಟರರಿಗೆ ಆದೇಶ ಹೊರಡಿಸಿದ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಈ ಲೆಕ್ಕಕ್ಕೆ ಬರಲಿಲ್ಲ, ಬಳ್ಳಾರಿ ಬಂತು. ಅಲ್ಲಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ, ಕನ್ನಡ ನಾಡಿನ ಎಳೆಯರ ಕಲಿಕೆಯ ಬಗ್ಗೆ ನಮಗೆ ಸಿಗುವ ಹಳೆಯ ವಿವರವಾದ ದಾಖಲೆಗಳಲ್ಲೊಂದು. ಇದನ್ನೂ ಇಂಥ ಇತರ ವರದಿಗಳನ್ನೂ ಧರ್ಮಪಾಲ್ ಅವರು 1983ರಲ್ಲಿ ಪುಸ್ತಕವಾಗಿ ಹೊರತಂದರು.

ಆ ವರದಿಯಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು, 21 ಪಾರಸಿಯವು. ಉಳಿದವು ಸಂಸ್ಕೃತ, ತಮಿಳು, ಇಂಗ್ಲಿಷಿನವು. ಓದುತ್ತಿದ್ದ ಮಕ್ಕಳು 6,641. ಮುಸ್ಲಿಮರು ಅವರಲ್ಲಿ 243 ಮಾತ್ರ. ಹೆಣ್ಣುಮಕ್ಕಳು 60, ಅವರಲ್ಲಿ ಒಬ್ಬಳೂ ಮುಸ್ಲಿಮ್ ಬಾಲಕಿ ಇರಲಿಲ್ಲ. ಮನೆಯೊಳಗೆ ಕಲಿಯುವವರು ಇಂಥ ಪಟ್ಟಿಗಳಿಗೆ ಸಿಕ್ಕಿಲ್ಲವೆಂದು 1826ರ ತನ್ನ ಟಿಪ್ಪಣಿಯಲ್ಲಿ ಮನ್ರೋ ಒಪ್ಪಿಕೊಂಡಿದ್ದಾನೆ.

ಕ್ಯಾಂಬೆಲ್ ಅಂಕಿಗಳಿಗೇ ನಿಲ್ಲಲಿಲ್ಲ. ಹಿಂದೂ ಮನೆಗಳಲ್ಲಿ ಮಗುವಿಗೆ ಐದು ತುಂಬಿದಾಗ ಗುರುವೂ ಶಾಲೆಯ ಮಕ್ಕಳೂ ಮನೆಗೆ ಬಂದು ಗಣಪತಿಯ ಮುಂದೆ ಕೂರುವುದನ್ನು, ಗುರುವು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವುದನ್ನು ವರ್ಣಿಸಿದ. ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ‘ಬಿಸ್ಮಿಲ್ಲಾ’ ಓದಿಸುವ ಮುಸ್ಲಿಮ್ ಮನೆಗಳ ಸಂಪ್ರದಾಯವೂ ಇದರ ಹತ್ತಿರದ ಸಂಬಂಧಿಯೇ. ಎರಡರಲ್ಲೂ ಮಗು ಅಂದಿನ ಮದುಮಗ.

ಮರುದಿನದ ಶಾಲೆ ಬೇರೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ತಪ್ಪು ಮಾಡಿದವನನ್ನು ಕೈಕಟ್ಟಿ ಮಾಡಿಗೆ ತೂಗುಹಾಕುವುದೂ ಇತ್ತು. ಇಷ್ಟೆಲ್ಲ ಬರೆದ ಕಲೆಕ್ಟರನ ವರದಿಯಲ್ಲಿ, ಆ ಸೊನ್ನೆಯನ್ನು ನೋಡಿಕೊಂಡ ಹುಡುಗನಿಗೆ ಏನನ್ನಿಸಿತು ಎಂಬುದಿಲ್ಲ.

ಆದರೆ ವರದಿಯಲ್ಲಿ ನೇಕಾರರಿದ್ದಾರೆ. ಶಾಲೆಗಳು ಕ್ಷೀಣಿಸಲು ನಾಡಿನ ಬಡತನವೇ ಕಾರಣವೆಂದೂ, ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ಹತ್ತಿಬಟ್ಟೆಯ ಕಸುಬು ಬಿದ್ದುಹೋದದ್ದು ಆ ಬಡತನಕ್ಕೆ ಒಂದು ಮೂಲವೆಂದೂ ಕ್ಯಾಂಬೆಲ್ ಬರೆದ. ಎಳೆಯ ಕೈಗಳು ಚೂರು ಕೆಲಸಕ್ಕೆ ಬಂದೊಡನೆ ತಾಯಿತಂದೆ ಅವನ್ನು ದುಡಿಮೆಗೆ ಹಚ್ಚಬೇಕಾಗಿತ್ತು. ಕಂಪೆನಿಯ ಅಧಿಕಾರಿಯೇ ಕಂಪೆನಿಯ ಆಳ್ವಿಕೆಯ ಬಗ್ಗೆ ಕೊಟ್ಟ ಸಾಕ್ಷ್ಯವಿದು. ಖಾಸಬಾಗದಂಥ ನೇಕಾರರ ಓಣಿಯಲ್ಲಿ ನಿಂತು ಇದನ್ನು ಓದಿದರೆ ಹಳೆಯ ಕಾಗದ ಎನ್ನಿಸುವುದಿಲ್ಲ.

ಮಗುವಿನತ್ತ ಬಾಗಿ ನೋಡುವ ಪ್ರಯತ್ನ ನಮ್ಮ ದೇಶದಲ್ಲಿ ಸುಮಾರು ನೂರು ವರ್ಷದ ಬಳಿಕ ನಡೆಯಿತು. ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಅನುತಾಯಿ ವಾಘ್ ಅವರೊಂದಿಗೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಕೇಂದ್ರ ಆರಂಭಿಸಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಯಿತು. ‘ಅಂಗನವಾಡಿ’ ಎಂಬ ಮಾತಿನ ಹಿಂದೆ ಈ ಅನುಭವವಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಟಿ. ನರಸೀಪುರ ಅದಕ್ಕೆ ಆಯ್ಕೆಯಾಯಿತು. ಕೋಟ್ಯಂತರ ಮಕ್ಕಳಿಗೆ ಇದರಿಂದ ಅನ್ನ, ಲಸಿಕೆ ಸಿಕ್ಕಿದ್ದು ಸಣ್ಣ ಸಾಧನೆಯಲ್ಲ. ಆದರೆ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಮಗುವಿನ ತೂಕವಿದೆ, ಹಾಜರಿಯಿದೆ. ಮಗುವಿನ ಮಾತಿಗೆ ಕಾಲಂ ಇಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ. ಭಾರತ ಅದಕ್ಕೆ ಸೇರಿದ್ದು 1992ರಲ್ಲಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು ಅದರ 12ನೆಯ ವಿಧಿ ಹೇಳುತ್ತದೆ. ತೀರಾ ಎಳೆಯರಿಗೂ ಈ ಹಕ್ಕು ಅನ್ವಯಿಸುತ್ತದೆಂದು ಒಡಂಬಡಿಕೆಯ ಸಮಿತಿ 2005ರಲ್ಲಿ ಸ್ಪಷ್ಟಪಡಿಸಿತು. ಅಷ್ಟರಲ್ಲಿ ಸಂಶೋಧಕರೂ ಹೊಸ ದಾರಿ ಹಿಡಿದಿದ್ದರು. ಇಂಗ್ಲೆಂಡಿನ ಆಲಿಸನ್ ಕ್ಲಾರ್ಕ್ ಮತ್ತು ಪೀಟರ್ ಮಾಸ್ 2001ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೂರು ನಾಲ್ಕು ವರ್ಷದ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರು. ಮಕ್ಕಳೇ ಮುಂದೆ ನಡೆದು ತಮ್ಮ ಶಾಲೆಯನ್ನು ತೋರಿಸಿದರು, ನಕ್ಷೆ ಮಾಡಿದರು. ಎಷ್ಟು ಮಕ್ಕಳು ಎಂದು ಎಣಿಸುವ ಬದಲು ಮಗುವಿಗೆ ಅದು ಹೇಗೆ ಕಾಣುತ್ತದೆ ಎಂದು ತಿಳಿಯುವ ಇಂಥ ಅಧ್ಯಯನವನ್ನೇ ಗುಣಾತ್ಮಕ ಸಂಶೋಧನೆ ಎನ್ನುವುದು.

ಇದು ಸುಲಭವಲ್ಲ. ದೊಡ್ಡವರಿಗೆ ಬೇಕಾದ ಉತ್ತರ ಯಾವುದೆಂದು ಮಗು ಬೇಗ ಕಂಡುಕೊಳ್ಳುತ್ತದೆ. ಬೆಳಗಾವಿಯಲ್ಲಂತೂ ಯಾವ ಭಾಷೆಯಲ್ಲಿ ಕೇಳಬೇಕೆಂಬುದೇ ಮೊದಲ ಪ್ರಶ್ನೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಅಂಗನವಾಡಿಯಲ್ಲಿ ಕನ್ನಡ ಕೇಳುವ ಮಗು ಸುಮ್ಮನೆ ಕುಳಿತರೆ ‘ಮಂಕು’ ಎಂದುಬಿಡುತ್ತೇವೆ. ಆ ಮಗು ಮೂರು ಭಾಷೆಗಳನ್ನು ತೂಗಿ ನೋಡುತ್ತಿರಬಹುದು. ಸಾಧ್ಯವಾದಷ್ಟು ಮನೆಮಾತಿನಲ್ಲೇ ಎಳೆಯರ ಕಲಿಕೆ ಸಾಗಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆದರೆ ಗಡಿಯ ಈ ಊರಿನಲ್ಲಿ ಭಾಷೆ ಎಂದರೆ ದೊಡ್ಡವರ ಜಗಳ. ಆ ಜಗಳದಲ್ಲಿ ನಾಲ್ಕು ವರ್ಷದವರ ಅಭಿಪ್ರಾಯವನ್ನು ಯಾರು ಕೇಳಿದ್ದಾರೆ?

ಮಗು ಹೇಳಿದ್ದನ್ನೆಲ್ಲ ನಡೆಸಿಕೊಡಬೇಕೆಂದಲ್ಲ. ಕೇಳಿ, ಬರೆದಿಟ್ಟು, ನಿರ್ಧಾರ ಮಾಡುವಾಗ ನೆನೆಯಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಅಂಗನವಾಡಿಯ ಅಕ್ಕ, ಮದ್ರಸಾದ ಉಸ್ತಾದರು, ಮನೆಯ ಅಜ್ಜಿ ಯಾರಾದರೂ ಮಾಡಬಹುದು. ಕ್ಯಾಂಬೆಲ್‌ನ ಕಾಗದ ಇನ್ನೂರು ವರ್ಷ ಉಳಿದು ನಮಗೆ ಅಂದಿನ ಶಾಲೆಯನ್ನು ತೋರಿಸಿತು. ಇಂದಿನ ಮಕ್ಕಳ ಮಾತನ್ನೂ ಯಾರಾದರೂ ಬರೆದಿಡಲಿ. ಇವತ್ತು ಸಂಜೆ ಮಗು ಮನೆಗೆ ಬಂದಾಗ ‘ಏನು ಕಲಿತೆ’ ಎನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ ನೋಡೋಣ.